ಶೆಟ್ರ ಕೆಸರಿನ ಜಾಡಿ

ವಸಂತ ಶೆಟ್ರು ಕಾರಿನ ಮುಂದಿನ ಸೀಟಿನಲ್ಲಿ ಕೆಸರು ತುಂಬಿದ ಗಾಜಿನ ಜಾಡಿಯನ್ನು ಕೂರಿಸಿ, ಅದಕ್ಕೆ ಬೆಲ್ಟ್ ಹಾಕುತ್ತಿದ್ದರು. ಗ್ರೋಸರಿಗೆ ಅವರ ಜೊತೆ ಹೊರಟ ನನಗೆ ಹಿಂದಿನ ಸೀಟು.

"ಬೇಜಾರು ಮಾಡ್ಬೇಡಿ ಜಯಕ್ಕ, ಇವನ್ನು ಮನೇಲಿ ಬಿಟ್ಟು ಬರ್ಲಿಕ್ಕೆ ಧೈರ್ಯ ಇಲ್ಲ, ಕುಲುಕಾಟವೂ ಇವಕ್ಕೆ ಆಗೂದಿಲ್ಲ."

ಆ ವರ್ಷಗಳಲ್ಲಿ, ಪರದೇಶದ ಕ್ಯಾಂಪ್‌ಬೆಲ್ ಊರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲರ ಬಾಯಲ್ಲೂ ಡಾಟ್‌ಕಾಂ, ಸ್ಟಾಕ್ ಆಪ್ಷನ್ನು. ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದ, ಉಡುಪಿ ಕಡೆಯ ಶೆಟ್ರ ಬಾಯಲ್ಲಿ ಮಾತ್ರ ಬ್ಯಾಕ್ಟೀರಿಯಾ. ಹಳೆಯ ಚಿಪ್ ಕಾರ್ಖಾನೆಗಳ ರಾಸಾಯನಿಕ ಇಳಿದು ಕೆಟ್ಟ ಮಣ್ಣನ್ನು ಅವುಗಳಿಂದ ಶುದ್ಧ ಮಾಡಿಸುವುದು ಅವರ ಕೆಲಸ. ಅವರ ಲ್ಯಾಬಿನ ಕಟ್ಟಡ ಹೆಚ್ಚು ಬಾಡಿಗೆ ಕೊಡುವ ಯಾವುದೋ ಡಾಟ್‌ಕಾಂನವರ ಪಾಲಾಗಿತ್ತು.

"ನನ್ನ ಟೇಬಲ್ ಇದ್ದಲ್ಲಿ ಈಗ ಪಿಂಗ್‌ಪಾಂಗ್ ಟೇಬಲ್ ಉಂಟು," ಎಂದು ನಗುತ್ತಿದ್ದರು. ದೂರದ ಸ್ಯಾನ್ ರಮೋನ್ ಊರಿನಲ್ಲಿ ಹೊಸ ಲ್ಯಾಬು ಸಿದ್ಧವಾಗುವವರೆಗೆ ಜಾಡಿಗೆ ಅವರ ಅಡುಗೆಮನೆಯೇ ಗತಿ.

ಒಂದು ಸಂಜೆ ಮೂಗು ಮುಚ್ಚಿಕೊಂಡೇ ಕೇಳಿದೆ, "ಇದರಲ್ಲಿ ಅಂಥಾದ್ದೇನಿದೆ ಶೆಟ್ರೇ?"

"ಇದರಲ್ಲಿ ಒಂದು ಜಾತಿಗೆ ಆ ವಿಷ ಮುರಿಯುವ ಜೀನ್ ಉಂಟು, ಆದ್ರೆ ಈ ಮಣ್ಣಲ್ಲಿ ಬದುಕ್ಲಿಕ್ಕೆ ತಾಕತ್ತಿಲ್ಲ. ಇನ್ನೊಂದಕ್ಕೆ ತಾಕತ್ತುಂಟು, ಜೀನ್ ಇರ್ಲಿಲ್ಲ. ಒಟ್ಟಿಗೆ ಇಟ್ಟೆ. ಅದು ಇದಕ್ಕೆ ತನ್ನ ಜೀನ್ ಕೊಟ್ಟಿತು!"

"ಮದುವೆ ಮಾಡಿಸಿದ್ರಾ?"

"ಎಂತ ಮದುವೆ ಮಾರಾಯ್ರೆ! ನಿಮ್ಮ ಹತ್ರ ನಾನು ಸಾರಿನಪುಡಿ ಮಾಡೂದು ಕಲೀಲಿಲ್ವಾ? ನಿಮಗೂ ಉಳೀತು, ನನಗೂ ಬಂತು. ಎಲ್ಲ ಅಪ್ಪ-ಅಮ್ಮನಿಂದಲೇ ಬರ್ಬೇಕೂಂತ ಇಲ್ಲ. ಪಕ್ಕದ ಮನೆಯಿಂದಲೂ ಬರ್ತದೆ."

ಆ ಗುಣ ಬಂದದ್ದು ಜಗತ್ತಿನಲ್ಲಿ ಆ ಒಂದೇ ಜಾಡಿಯಲ್ಲಂತೆ. ಚೆಲ್ಲಿದರೆ ಮತ್ತೆ ಮೊದಲಿನಿಂದ.

ಮಾರನೆಯ ವಾರ, ವಾಸನೆಯ ದೂರು ಹೊತ್ತು ಅಪಾರ್ಟ್‌ಮೆಂಟಿನ ಮ್ಯಾನೇಜರಮ್ಮ ಬಂದಳು. ನಾರುವ ವಸ್ತು ಏನೇ ಇರಲಿ, ಇವತ್ತೇ ಕಸದ ಡಬ್ಬಕ್ಕೆ ಹೋಗಬೇಕು ಎಂದಳು. ಸುಳ್ಳು ಬಾರದ ಶೆಟ್ರು ಬಾಗಿಲಲ್ಲಿ ಬೆವರುತ್ತಾ, "ಅದು ಬರೀ ಬ್ಯಾಕ್ಟೀ..." ಎನ್ನುತ್ತಿದ್ದ ಹಾಗೇ ನಾನು ನನ್ನ ಮನೆಯಿಂದ ಹಾರಿಬಂದೆ.

"ಫಿಶ್! ಡ್ರೈ ಫಿಶ್! ಅದು ನಂದು!"

ಮ್ಯಾನೇಜರಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಕಿಟಕಿ ತೆಗೆದಿಡು, ಇನ್ನೊಮ್ಮೆ ಇಂಥದ್ದು ತರಬೇಡ ಎಂದು ನನಗೇ ಬೈದು ಹೋದಳು.

ಶೆಟ್ರು ನನ್ನನ್ನೇ ನೋಡುತ್ತಾ ನಿಂತರು. "ಜಯಕ್ಕ, ಮನೆಗೆ ಮೊಟ್ಟೆ ಸೇರಿಸದ ಮೈಸೂರಿನವರು, ಒಣಮೀನು ಎಲ್ಲಿಂದ ಬಂತು?"

"ಪಕ್ಕದ ಮನೆಯಿಂದ," ಎಂದೆ.

ಹೊಸ ಲ್ಯಾಬು ಸಿದ್ಧವಾದಾಗ ಅವರೂ ಸ್ಯಾನ್ ರಮೋನ್‌ಗೆ ಹೊರಟರು. ಹಾಸಿಗೆ, ಪಾತ್ರೆ ಎಲ್ಲ ಹಿಂದೆ. ಜಾಡಿ ಮುಂದಿನ ಸೀಟಿನಲ್ಲಿ, ಬೆಲ್ಟ್ ಸಮೇತ. "ಬರ್ತೇನೆ ಅಕ್ಕ" ಎಂದವರನ್ನು ಮತ್ತೆ ನೋಡಲಾಗಲಿಲ್ಲ.

ಆ ಭಾನುವಾರ ಮೈಸೂರಿನಿಂದ ಅಮ್ಮನ ಫೋನು. ನಲ್ಲಿಯಲ್ಲಿ ನೀರು ಬಂದಿಲ್ಲ ಎಂದು ಗೊಣಗುತ್ತಿದ್ದಳು.

"ಎಂತ ಮಾರಾಯ್ರೆ!" ಎಂದೆ.

ಅಮ್ಮ ನೀರಿನ ಮಾತು ಬಿಟ್ಟು ನನ್ನನ್ನೇ ಹಿಡಿದಳು. "ಇದ್ಯಾವ ಮಾತೇ? ನಮ್ಮನೇಲಿ ಯಾರೂ ಹೀಗೆ ಮಾತಾಡಲ್ವಲ್ಲ!"

ನಾನು ಫೋನು ಹಿಡಿದುಕೊಂಡೇ, ಖಾಲಿಯಾಗಿದ್ದ ಪಕ್ಕದ ಮನೆಯ ಗೋಡೆಯನ್ನು ನೋಡಿದೆ.