ತೂಬಿನ ಕಲ್ಲು ಮತ್ತು ನನ್ನ ನಲವತ್ತು ಟೋಕನ್

ನಿಮ್ಮ ಅಕ್ಕ ಕಡೂರಿನ ಮನೆಯ ಮುಂದಿನ ಕೋಣೆಯಲ್ಲಿ ಕೂತು ಏನು ಮಾಡುತ್ತಾಳೆ ಎಂದು ಮಕ್ಕಳೇ, ನೀವು ಈ ಅಜ್ಜಿಯನ್ನು ಕೇಳುತ್ತಿದ್ದಿರಿ. ಆಗ ಹೇಳುವುದಕ್ಕೆ ನನಗೆ ನಾಚಿಕೆಯಾಗುತ್ತಿತ್ತು. ಈಗ ಬರೆದಿಡುತ್ತೇನೆ, ದೊಡ್ಡವರಾದ ಮೇಲೆ ಓದಿಕೊಳ್ಳಿ.

ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳಿಗೆ ಅರ್ಥವಾದಷ್ಟು ಇದು. ಕ್ರಿಪ್ಟೊ ಟೋಕನ್ ಎಂದು ಕಂಪ್ಯೂಟರಿನಲ್ಲೇ ಇರುವ ಒಂದು ಥರದ ಹಣ. ಅದನ್ನು ಇಡುವ ಚೀಲಕ್ಕೆ ವ್ಯಾಲೆಟ್ ಅನ್ನುತ್ತಾರೆ; ಯಾವ ವ್ಯಾಲೆಟ್ಟಿನಲ್ಲಿ ಎಷ್ಟಿದೆ ಎಂಬುದು ಎಲ್ಲರೂ ನೋಡಬಹುದಾದ ಒಂದು ಲೆಕ್ಕದಲ್ಲಿ ಇರುತ್ತದೆ. ನಾವು ಕೇಳಿದ್ದಕ್ಕೆ ಉತ್ತರ ಹೇಳುವ ಎಐ ಏಜೆಂಟಿಗೆ ಮಾತ್ರ ಅದು ತಾನಾಗಿ ಕಾಣುವುದಿಲ್ಲ. ಹೋಗಿ ನೋಡಿಬಂದು ಅದಕ್ಕೆ ತಿಳಿಸುವ ಸಾಧನವೊಂದು ಬೇಕು. ನಿಮ್ಮ ಅಕ್ಕ ಮಾಡುತ್ತಿದ್ದುದು ಅದನ್ನೇ.

ತರೀಕೆರೆಯಲ್ಲಿ ಸಣ್ಣ ಕಂಪನಿ ನಡೆಸುವ ಹೆಂಗಸೊಬ್ಬರು ಶನಿವಾರ ಬಂದು ಅದನ್ನು ನೋಡುವವರಿದ್ದರು. ಮೆಚ್ಚಿದರೆ ಅವಳಿಗೆ ವರ್ಷವಿಡೀ ಕೆಲಸ, ಅದೂ ಅವಳ ಮೊದಲ ಸ್ವಂತ ಕೆಲಸ. ಆ ವಾರ ಅವಳು ಒಂದು ಕೈಯಲ್ಲಿ ರೊಟ್ಟಿ ಹಿಡಿದು ಇನ್ನೊಂದರಲ್ಲಿ ಟೈಪ್ ಮಾಡುತ್ತಿದ್ದಳು. ಕೀಬೋರ್ಡಿನ ಸಂದಿಯಲ್ಲೆಲ್ಲ ಚಟ್ನಿಪುಡಿ.

ಸೋಮವಾರ ಹಳೆಯ ಫೋನೊಂದಕ್ಕೆ ಇಂಟರ್ನೆಟ್ ಇಲ್ಲದೆಯೂ ಮಾತಾಡುವ ಎಐ ಹಾಕಿ ನನ್ನ ಕೈಗೆ ಕೊಟ್ಟು, ನೀನೇ ನನ್ನ ಮೊದಲ ಗಿರಾಕಿ ಅಂದಳು. ನನಗೆಂದು ಒಂದು ವ್ಯಾಲೆಟ್ ಮಾಡಿ ನಲವತ್ತು ಟೋಕನ್ ಹಾಕಿದ್ದಳು. ಪರೀಕ್ಷೆಗಷ್ಟೇ, ಬೆಲೆಯಿಲ್ಲದವು. ಯಾರೂ ಇಲ್ಲದಾಗ ಬಾಗಿಲು ಮುಂದೆ ಮಾಡಿಕೊಂಡು, "ನನ್ನ ಹತ್ರ ಎಷ್ಟೈತಪ್ಪಾ?" ಎಂದು ಕೇಳಿದೆ. ನಲವತ್ತು ಇದೆ ಎಂದು ಕನ್ನಡದಲ್ಲೇ ಹೇಳಿತು. ನನಗೆ ಎಷ್ಟು ಹಿಗ್ಗಾಯಿತೆಂದರೆ, ಬೇಳೆ ಬೇಯಲು ಇಟ್ಟಾಗಲೊಮ್ಮೆ, ಬಟ್ಟೆ ಮಡಿಸುವಾಗಲೊಮ್ಮೆ ಅದನ್ನೇ ಕೇಳತೊಡಗಿದೆ.

ಗುರುವಾರ ಗಾಳಿಮಳೆ. ಇಂಟರ್ನೆಟ್ ಬಂದು ಬಂದು ಹೋಗುತ್ತಿತ್ತು. ಕೇಳಿದರೆ, ನಿಮ್ಮ ಬಳಿ ಏನೂ ಇಲ್ಲ ಅಂದುಬಿಟ್ಟಿತು.

ಉಪ್ಪಿನಕಾಯಿ ಜಾಡಿಯನ್ನು ಪದೇ ಪದೇ ತೆರೆದರೆ ಬೂಸ್ಟು ಬರುತ್ತದೆಂದು ಸೊಸೆಯಂದಿರಿಗೆ ಹೇಳಿಕೊಂಡು ಬಂದವಳು ನಾನು. ಇದನ್ನೂ ಹಾಗೇ ನೋಡಿ ನೋಡಿ ಕೆಡಿಸಿಬಿಟ್ಟೆ, ಮಗುವಿನ ಕೆಲಸ ಹಾಳಾಯಿತು ಎಂದುಕೊಂಡೆ. ಆ ದಿನವೆಲ್ಲ ಬಾಯಿ ಬಿಡಲಿಲ್ಲ. ಶುಕ್ರವಾರ ಬೆಳಿಗ್ಗೆ ಅವಳ ತಲೆ ಬಾಚುವಾಗ, ಮುಖ ಕಾಣಿಸುವುದಿಲ್ಲವೆಂಬ ಧೈರ್ಯದಲ್ಲಿ ಹೇಳಿಬಿಟ್ಟೆ.

"ನೋಡಿದ್ರೆ ಕೆಡಕ್ಕೆ ಅದೇನು ಉಪ್ಪಿನಕಾಯಾ ಅಜ್ಜಿ?" ಎಂದು ನಕ್ಕಳು. ನಗು ಮುಗಿಯುವ ಮೊದಲೇ ಅರ್ಧ ಹೆಣೆದ ಜಡೆಯಲ್ಲೇ ಎದ್ದುಹೋಗಿ ಇಂಟರ್ನೆಟ್ ಆರಿಸಿ ತಾನೇ ಕೇಳಿದಳು. ಅದೇ ಉತ್ತರ. ಲೆಕ್ಕವನ್ನು ಮುಟ್ಟಲಾಗದಿದ್ದರೆ ಅವಳ ಸಾಧನ ಸೊನ್ನೆ ಎಂದು ತಿಳಿಸುತ್ತಿತ್ತು. ಎಐ ಅದನ್ನೇ ನಂಬಿ ಏನೂ ಇಲ್ಲ ಅನ್ನುತ್ತಿತ್ತು. ನಿಜವಾಗಿ ಹಣ ಇಟ್ಟವರು ಅದನ್ನು ಕೇಳಿದರೆ ಎದೆ ಒಡೆದುಕೊಳ್ಳುವುದಿಲ್ಲವೇ?

"ನಾಳೇನೇ ಬತ್ತಾರೆ. ನೆಟ್ ಇಲ್ದಾಗ ಹಿಂದಿನ ಸಲ ಕಂಡಿದ್ದನ್ನೇ ಹೇಳಿಸ್ಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ" ಅಂದಳು.

ನಾನು ಎದುರಾಡುವವಳಲ್ಲ. ಆದರೆ ಆಗ ನಿಮ್ಮ ತಾತನ ನೆನಪಾಯಿತು.

ತಾತ ಬುಕ್ಕಾಂಬುಧಿ ಕೆರೆಯ ನೀರುಗಂಟಿ. ದಿನವೂ ಮುಂಜಾನೆ ಏರಿಯ ಮೇಲೆ ನಡೆದು, ನೀರಿನಲ್ಲಿ ನಿಂತ ತೂಬಿನ ಕಲ್ಲಿನಲ್ಲಿ ಯಾವ ಗೆರೆಯವರೆಗೆ ನೀರಿದೆಯೆಂದು ನೋಡಿಬಂದು ಊರಿಗೆ ಹೇಳಬೇಕು. ಚಳಿಗಾಲದಲ್ಲಿ ಕೆಲವು ದಿನ ಮಂಜಿನಲ್ಲಿ ಕಲ್ಲೇ ಕಾಣುತ್ತಿರಲಿಲ್ಲ. ನಾಟಿಗೆ ಕಾದವರು, ನಿನ್ನೆಯ ಗೆರೆಯನ್ನೇ ಹೇಳು ಮಾರಾಯ, ಒಂದು ರಾತ್ರಿಗೆ ಏನಾಗುತ್ತದೆ ಎಂದು ರೇಗುತ್ತಿದ್ದರು. ತಾತ ಪ್ರತಿ ಸಲವೂ ಹೇಳುತ್ತಿದ್ದುದು ಒಂದೇ ಮಾತು:

"ಕಲ್ಲು ಕಾಣ್ಲಿಲ್ಲ ಕಣ್ರಪ್ಪಾ. ನಿನ್ನೆ ಮೂರನೇ ಗೆರೆಗಿತ್ತು. ಇವತ್ತಿಂದು ಬಿಸ್ಲು ಬಂದ್ಮೇಲೆ ನೋಡ್ಬಂದು ಹೇಳ್ತೀನಿ."

ಕೆರೆ ಕಾಣದ ನೀರುಗಂಟಿ ಎಂದು ಅವರನ್ನು ಆಡಿಕೊಂಡವರೇ ಅವರ ಮಾತಿನ ಮೇಲೆ ನಾಟಿ ಮಾಡುತ್ತಿದ್ದರು.

ಇದನ್ನೆಲ್ಲ ಅವಳಿಗೆ ಹೇಳಿಬಿಟ್ಟೆ. ಅವಳು ಕಂಪ್ಯೂಟರಿನ ಕಡೆ ತಿರುಗಿದಳು. ಜಡೆ ಸಂಜೆಯವರೆಗೆ ಅರ್ಧಕ್ಕೇ ಇತ್ತು.

ಶನಿವಾರ ಆ ಹೆಂಗಸು ಬಂದರು. ಕೋಡುಬಳೆ, ಕಾಫಿ ಆಯಿತು. ಎಲ್ಲ ತೋರಿಸಿದ ಮೇಲೆ ನಿಮ್ಮ ಅಕ್ಕ ಅವರ ಎದುರಿಗೇ ಇಂಟರ್ನೆಟ್ ಆರಿಸಿ, ಫೋನನ್ನು ನನ್ನ ಕೈಗಿಟ್ಟಳು. ನನ್ನ ಹತ್ರ ಎಷ್ಟೈತಪ್ಪಾ ಎಂದು ಹೇಗೋ ಕೇಳಿದೆ.

"ಈಗ ನೋಡಲು ಆಗಲಿಲ್ಲ. ನಿನ್ನೆ ಸಂಜೆ ನೋಡಿದಾಗ ನಲವತ್ತು ಇತ್ತು. ಮತ್ತೆ ನೋಡಿ ಹೇಳುತ್ತೇನೆ" ಎಂದಿತು ಫೋನು.

ಆ ಹೆಂಗಸು ಲೋಟ ಕೆಳಗಿಟ್ಟರು. ಬೇರೆಯವರು ತೋರಿಸಿದ್ದು ಹೀಗೆ ಹೇಳಲಿಲ್ಲ, ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದರು.

"ನಮ್ಮ ತಾತ" ಅಂದಳು ನಿಮ್ಮ ಅಕ್ಕ.

"ಅವ್ರೂ ಕಂಪ್ಯೂಟರ್ ಕೆಲ್ಸದಲ್ಲಿದ್ರಾ?"

"ಇಲ್ಲ ಮೇಡಂ, ಕೆರೆ ಕೆಲ್ಸದಲ್ಲಿದ್ರು."

ಕೆಲಸ ಅವಳಿಗೇ ಸಿಕ್ಕಿತು. ನಾನು ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ನನ್ನ ನಲವತ್ತು ಈಗಲೂ ಹಾಗೇ ಇದೆ. ದಿನವೂ ಬೆಳಿಗ್ಗೆ ಒಂದು ಸಲ ಕೇಳುತ್ತೇನೆ. ಕಾಣಲಿಲ್ಲ ಎಂದು ಅದು ಹೇಳಿದ ದಿನ ನನಗೆ ಇನ್ನೂ ಸಂತೋಷ.