ಲೆಯೊಕಾದಿಯಾ ಅವರ ಕೆಳಸ್ವರ

ಉಪವಾಸ ಕಾಲದ ಶುಕ್ರವಾರ, ಮಾಂಸ ಮುಟ್ಟಬಾರದ ದಿನ. ಪೋಲೆಂಡಿನ ನಮ್ಮ ಪುಟ್ಟ ಊರಿನ ಚರ್ಚಿನಲ್ಲಿ ಆರ್ಗನ್ ಮೊಳಗುತ್ತಿತ್ತು. ಗಾಯಕರ ಅಟ್ಟದಲ್ಲಿ ನನ್ನ ಪಕ್ಕದಲ್ಲಿದ್ದ ಲೆಯೊಕಾದಿಯಾ ಅವರಿಗೆ, ಅಂದರೆ ಹೆಂಗಸರನ್ನು ಪಾನಿ, ಗಂಡಸರನ್ನು ಪಾನ್ ಎಂದು ಗೌರವಿಸುವ ನಮ್ಮ ರೂಢಿಯಂತೆ 'ಪಾನಿ'ಗೆ, ಕೇಳಲಿ ಎಂದು ನಾನು ಗಂಟಲು ಹರಿಯುವಂತೆ ಹೇಳಿದೆ: "ಪಾನಿ, ಬೇಗ ಮುಗಿದ್ರೆ ಸಾಕು, ಮನೇಲಿ ಸಾಸೇಜ್ ಕಾಯ್ತಿದೆ."

ಅದೇ ಗಳಿಗೆಗೆ ಆರ್ಗನ್ ನಿಂತಿತು. ನನ್ನ ಸಾಸೇಜು ಗೋಪುರದವರೆಗೂ ಹೋಗಿ ಬಂತು. ಪಾದ್ರಿಗಳು ಕತ್ತೆತ್ತಿ ನಮ್ಮ ಅಟ್ಟದ ಕಡೆ ನೋಡಿದರು.

"ನನಗೆ ಕೇಳಿಸ್ಲಿಲ್ಲ, ಪಾನ್ ಕಾಯೆತಾನ್," ಎಂದರು ಆಕೆ. "ಇನ್ನೊಂದ್ಸಲ ಹೇಳ್ತೀರಾ?"

ಬಟ್ಟೆ ಹೊಲಿದು ಬದುಕಿದ ಈ ಹೆಂಗಸಿಗೆ ಎಳವೆಯ ಜ್ವರವೊಂದು ಹಕ್ಕಿ, ಗಂಟೆ, ಮಕ್ಕಳ ದನಿಯನ್ನೆಲ್ಲ ಕಸಿದುಕೊಂಡಿತ್ತು. ಎಡಗಿವಿ ಹೆಸರಿಗಷ್ಟೇ ಇತ್ತು. ಬಲಗಿವಿಯಲ್ಲಿ ಮಂದ್ರದ ಸದ್ದು ಮಾತ್ರ ಉಳಿದಿತ್ತು. ಆ ಉಳಿಕೆಯಲ್ಲೇ ನಮ್ಮ ಮೇಳದ ಅತಿ ಕೆಳಗಿನ ಸ್ವರವನ್ನು ವರ್ಷಗಟ್ಟಲೆ ಹೊತ್ತವರು ಆಕೆ. ಚಳಿಗಾಲದಲ್ಲಿ ವೈದ್ಯರು ಬಲಗಿವಿಯೊಳಗೆ ಕೂದಲಿನಂಥ ತಂತಿ ಕೂರಿಸಿ, ಕಿವಿ ಹಿಂದೆ ಪುಟ್ಟ ಯಂತ್ರ ಜೋಡಿಸಿದರು: ಕಳೆದ ಸದ್ದನ್ನು ಯಂತ್ರ ಕೊಡಲಿ, ಉಳಿದದ್ದು ಉಳಿಯಲಿ ಎಂದು. ಮೊದಮೊದಲು ಎಲ್ಲ ಚೆನ್ನಾಗಿತ್ತು. ಆಮೇಲೆ ಉಳಿದದ್ದೇ ಜಾರತೊಡಗಿತು. ಜತೆಗೆ ತಲೆಸುತ್ತು, ಏನು ತಿಂದರೂ ಕಬ್ಬಿಣದ ರುಚಿ. ಹೀಗಾಗುವುದುಂಟು, ಕಿವಿ ಮರಳಬಹುದು, ಮರಳದಿರಲೂಬಹುದು ಎಂದು ವೈದ್ಯರು ಮಾತ್ರೆ ಕೊಟ್ಟು ಕಳಿಸಿದರು.

ಆರ್ಗನ್ ನುಡಿಸುವ ಸೆವೆರಿನ್ ನಮ್ಮ ಮೇಳದ ಮುಖ್ಯಸ್ಥರು. ಅವರಿಗೆ ದಿಗಿಲು ಹತ್ತಿತು.

"ಶುಭ ಶುಕ್ರವಾರ ಆರ್ಗನ್ ನುಡಿಸೋ ಹಾಗಿಲ್ಲ. ಎಲ್ಲರೂ ನಿಮ್ಮ ಸ್ವರದ ಮೇಲೇ ನಿಲ್ಬೇಕು. ಈ ವರ್ಷ ವಿಶ್ರಾಂತಿ ತಗೊಳ್ಳಿ, ಪಾನಿ."

"ಮಲಗಿದ್ರೂ ತಲೆ ಸುತ್ತುತ್ತೆ. ನಿಂತೇ ಸುತ್ತಲಿ ಬಿಡಿ. ಆರ್ಗನ್ನಿನ ಆ ಕೆಳಸ್ವರದ ಕೀಲಿ ಒತ್ತಿ."

ಅಂದಿನಿಂದ ಬೆಳಗಿನ ಪೂಜೆಯಾದ ಮೇಲೆ ಸೆವೆರಿನ್ ಕೆಳಗಿನ ಸ್ವರವನ್ನು ಒತ್ತಿ ಹಿಡಿಯುವುದು, ಆಕೆ ಆರ್ಗನ್ನಿನ ಮರಕ್ಕೆ ಅಂಗೈ ಇಟ್ಟು ಹಾಡುವುದು. ಯಂತ್ರದಲ್ಲಿ ಅದು ತಗಡು ಉಜ್ಜಿದಂತೆ ಕೇಳುತ್ತಿತ್ತಂತೆ. ಅಂಗೈ ಹೇಳಿದ್ದನ್ನೂ ತಗಡು ಹೇಳಿದ್ದನ್ನೂ ಕೂಡಿಸಿ ಗಂಟಲಿಗೆ ಪಾಠ ಮಾಡಿದರು. ಆಮೇಲೆ ಕೈ ತೆಗೆದು ಹಾಡಿದರು. ಕೊನೆಗೆ ಸೆವೆರಿನ್ ಕೀಲಿ ಬಿಟ್ಟ ಮೇಲೂ ಹಾಡಿದರು. ತಪ್ಪಿದರೆ ಮತ್ತೆ ಮೊದಲಿನಿಂದ. ನೋಡಲು ಹೋದ ನಾನು ಕನಿಕರದಿಂದ "ಸಾಕು, ಪಾನಿ" ಎಂದೆ.

"ನಿಮಗೆ ಸಾಕಾಗಿದ್ರೆ ಮನೆಗೆ ಹೋಗಿ."

ಶುಭ ಶುಕ್ರವಾರ ಬಂತು. ಆಕೆ ಅಟ್ಟದ ಕಟಕಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಎದುರು ಗೋಡೆಯಲ್ಲಿ ಕಣ್ಣು ನೆಟ್ಟು ಶುರುಮಾಡಿದರು. ಎರಡನೇ ಪದ್ಯಕ್ಕೆ ನಾವು ಏರುದನಿಯ ಗಂಡಸರು ಎಂದಿನಂತೆ ಶ್ರುತಿ ಬಿಟ್ಟು ಕೆಳಗೆ ಜಾರಿದೆವು. ಆಕೆ ಕದಲಲಿಲ್ಲ. ನಾವೇ ತಡಕಾಡುತ್ತ ಹತ್ತಿ ಬಂದು ಸೇರಿಕೊಂಡೆವು. ಮುಗಿದ ಮೇಲೆ ಸೆವೆರಿನ್ ಶ್ರುತಿಕವೆ ಬಡಿದು ಕಿವಿಗಿಟ್ಟು ನೋಡಿದರು. ಬಾಗಿ ಆಕೆಯ ಕೈಗೆ ಮುತ್ತಿಟ್ಟರು.

ಬೇಸಿಗೆಯ ಕಿವಿ ಪರೀಕ್ಷೆಯ ಹೊತ್ತಿಗೆ ಜಾರಿದ್ದರಲ್ಲಿ ಅರ್ಧ ಮರಳಿತ್ತು. ಮಿಕ್ಕಿದ್ದರ ಆಸೆ ಬೇಡ, ಬೇಕಿದ್ದರೆ ಎಡಗಿವಿಗೂ ತಂತಿ ಹಾಕೋಣ ಎಂದರಂತೆ ವೈದ್ಯರು.

"ಹಾಕಿಸ್ಕೊತೀರಾ, ಪಾನಿ?" ಎಂದು ಕೇಳಿದೆ.

"ಬೇಡ. ಹಾಡೋವಾಗ ನೀವು ನಿಲ್ಲೋದು ನನ್ನ ಎಡಗಡೆನೇ."