ಕೊಟ್ಟಿಗೆಗೆ ಕೇಳುವಷ್ಟು ಸೌಂಡು

ವಕ್ಕಲೇರಿಯ ಹಾಲಿನ ಡೇರಿ ಮುಂದೆ ಸಂಜೆ ಕ್ಯಾನು ಹಿಡಿದು ನಿಲ್ಲುವ ಹೆಂಗಸರಿಗೆ ಆ ಒಂದು ತಿಂಗಳು ಭಾರತಮ್ಮನ ಕಾಟ ತಪ್ಪಲಿಲ್ಲ.

"ಅನಿತಾ, ಇವತ್ತು ಓಟ್ ಹಾಕಿದ್ಯಾ?"

"ಬೆಳಿಗ್ಗೇನೇ ಹಾಕ್ದೆ ಕಣಕ್ಕ."

"ನಿಮ್ಮ ಯಜಮಾನ್ರ ಫೋನಿಂದ?"

"ಅವ್ರು ಫೋನ್ ಕೈಗೆ ಕೊಟ್ರೆ ತಾನೇ! ಅಲ್ಲಕ್ಕ, ಎಲೆಕ್ಷನ್‌ಗೆ ನಿಂತಿರೋದು ನೀನಾ ಅವಳಾ? ಅವಳು ಗೆದ್ರೆ ನಿನ್ನೇನು ಪಂಚಾಯ್ತಿ ಮೆಂಬರ್ ಮಾಡ್ತಾಳಾ?"

"ಗೆಲ್ಲಲಿ ಬಿಡೇ. ನಾಲ್ಕು ವರ್ಷದಿಂದ ಅಳ್ತಾವ್ಳೆ. ಒಂದಿನ ನಗಲಿ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಭಾರತಮ್ಮನೂ ನಕ್ಕಳು. ನಲವತ್ತಮೂರು ವರ್ಷದ ಈ ಹೆಂಗಸು ಯಾರನ್ನೂ ಏನನ್ನೂ ಕೇಳಿದವಳಲ್ಲ. ಹಸುವಿನ ಹಿಂಡಿ ತೀರಿದಾಗಲೂ ಪಕ್ಕದ ಮನೆಯಲ್ಲಿ ಒಂದು ಬಕೆಟ್ಟು ಕೇಳದೆ ಒಣಹುಲ್ಲಿನಲ್ಲೇ ಸರಿದೂಗಿಸಿದವಳು. ಅಂಥವಳು ಈಗ ಟಿವಿಯವರ ಪ್ರಶಸ್ತಿಗೆ ನಿಂತ ‘ವಸುಮತಿಯ ಮನೆ’ ಧಾರಾವಾಹಿಗೆ, ಅದರ ನಾಯಕಿ ವಸುಮತಿಗೆ, ದಿನಕ್ಕೆ ಇಪ್ಪತ್ತು ಓಟು ಕೂಡಿಸುತ್ತಿದ್ದಳು.

‘ವಸುಮತಿಯ ಮನೆ’ ಸಂಜೆ ಆರೂವರೆಗೆ ಬರುತ್ತದೆ. ಆ ಹೊತ್ತಿಗೆ ಅವಳ ಮನೆಯಲ್ಲಿ ಟಿವಿ ಮುಂದೆ ಕೂರುವವರು ಇಬ್ಬರು. ಅತ್ತೆ ಮುನಿಶಾಮಮ್ಮ ಮಂಚದ ಮೇಲೆ, ಗಂಡ ಕೋದಂಡರಾಮಪ್ಪ ಕುರ್ಚಿಯಲ್ಲಿ. ಮಗಳು ಮೇಘನ ಕೋಲಾರದ ಕಾಲೇಜಿನಿಂದ ಬಸ್ಸು ಹಿಡಿದು ಬಂದರೆ ಬಾಗಿಲ ಹತ್ತಿರ ಫೋನು ಹಿಡಿದು ನಿಲ್ಲುತ್ತಾಳೆ. ಭಾರತಮ್ಮ ಡೇರಿಯಿಂದ ಬಂದು ಕೊಟ್ಟಿಗೆ ಗುಡಿಸುತ್ತಿರುತ್ತಾಳೆ. ಆಮೇಲೆ ಹಸುಗಳಿಗೆ ಮೇವು, ಆಮೇಲೆ ಹುಳದ ಮನೆಯಲ್ಲಿ ರೇಷ್ಮೆ ಹುಳಕ್ಕೆ ಸಂಜೆಯ ಸೊಪ್ಪು, ಆಮೇಲೆ ಮುದ್ದೆಗೆ ಎಸರು. ಹೀಗಾಗಿ ಮನೆಯವರೆಲ್ಲರ ಹತ್ತಿರ ಅವಳ ಒಂದೇ ಬೇಡಿಕೆ: ಕೊಟ್ಟಿಗೆಗೆ ಕೇಳುವಷ್ಟು ಸೌಂಡು ಇಡಿ.

ನಾಲ್ಕು ವರ್ಷ ಅವಳು ಆ ಧಾರಾವಾಹಿಯನ್ನು ನೋಡಿದ್ದು ಹೀಗೆ, ಕಿವಿಯಿಂದ. ನೀರು ತರಲು ನಡುಮನೆ ದಾಟುವಾಗ ಒಂದು ಸೀರೆ, ಒಂದು ಮೂಗುತಿ, ನೀರು ತುಂಬಿದ ಒಂದು ಕಣ್ಣು ಕಂಡರೆ ಕಂಡಿತು. ಉಳಿದದ್ದನ್ನು ಕಿಟಕಿಯಿಂದ ಕೂಗಿ ಕೇಳಬೇಕು.

"ಅತ್ತೇ, ಮ್ಯೂಜಿಕ್ ಬಂತಲ್ಲ, ಏನ್ ಮಾಡಿದ್ಲು?"

"ಬಾಗ್ಲು ಹಾಕ್ಕೊಂಡ್ಲು."

"ಅಳ್ತಾ ಹಾಕ್ಕೊಂಡ್ಲಾ, ಸಿಟ್ಟಲ್ಲಿ ಹಾಕ್ಕೊಂಡ್ಲಾ?"

"ಬಾಗ್ಲು ಹಾಕ್ಕೊಂಡ್ಲು ಅಂದ್ನಲ್ಲೇ. ಒಳಗಡೆ ಹೋಗಿ ನೋಡ್ಲಾ ನಾನು?"

ಆದರೆ ವಸುಮತಿಯ ದನಿ ಕೇಳಲು ಭಾರತಮ್ಮನಿಗೆ ಯಾರೂ ಬೇಕಿರಲಿಲ್ಲ. ತುಸು ದಪ್ಪಗಿನ, ಅವಸರವಿಲ್ಲದ ದನಿ. ಧಾರಾವಾಹಿಯ ಅತ್ತೆ ಎಷ್ಟೇ ಕೂಗಾಡಲಿ, ಅದು ಏರುವುದಿಲ್ಲ, ಮುದುಡುವುದೂ ಇಲ್ಲ. ಹೇಳಬೇಕಾದದ್ದನ್ನು ಹೇಳಿ ನಿಲ್ಲುತ್ತದೆ. ಭಾರತಮ್ಮ ಹತ್ತೊಂಬತ್ತಕ್ಕೆ ಗೌನಿಪಲ್ಲಿಯಿಂದ ಮದುವೆಯಾಗಿ ಬಂದಾಗ ಅವಳ ಬಾಯಲ್ಲಿ ಅರ್ಧ ತೆಲುಗಿತ್ತು. ಈ ಮನೆಯವರಿಗೂ ತೆಲುಗು ಬರುತ್ತಿತ್ತು, ಆದರೆ ಅವಳ ರಾಗಕ್ಕೆ ನಗು ಬರುತ್ತಿತ್ತು. ನೆಂಟರು ಬಂದಾಗ ಮುನಿಶಾಮಮ್ಮ, "ಇನ್ನೊಂದ್ಸಲ ಹೇಳೇ, ಕೇಳ್ಲಿ" ಅನ್ನುತ್ತಿದ್ದಳು. ಒಂದೆರಡು ವರ್ಷದಲ್ಲಿ ಭಾರತಮ್ಮ ಮಾತು ಕಡಿಮೆ ಮಾಡಿದಳು. ಹಸುಗಳ ಹತ್ತಿರ ಮಾತ್ರ "ರಾವೇ ತಲ್ಲಿ" ಎಂದು ತವರಿನ ರಾಗದಲ್ಲೇ ಕರೆಯುವುದು ಉಳಿದುಕೊಂಡಿತು. ಈಗ ನಾಲ್ಕು ವರ್ಷದಿಂದ ಸಗಣಿ ಬಾಚುತ್ತ, ವಸುಮತಿ ಒಂದು ಮಾತು ಮುಗಿಸಿದೊಡನೆ ತಾನೂ ಅದನ್ನು ತುಟಿಯಲ್ಲೇ ಆಡಿಕೊಳ್ಳುತ್ತಿದ್ದಳು. ಅದೇ ನಿಧಾನ, ಅದೇ ತೂಕ. ಅದು ಯಾರಿಗೂ ಗೊತ್ತಿರಲಿಲ್ಲ.

ಒಂದು ದಿನ ಮೇಘನ, "ಆ ಡೈಲಾಗ್ ಎಲ್ಲ ಬೇರೆಯವ್ರು ಬರ್ಕೊಡ್ತಾರಮ್ಮ" ಅಂದಿದ್ದಳು.

"ಹಂಗಾದ್ರೆ ಅವಳದೇ ಮಾತು ಯಾವಾಗ ಆಡ್ತಾಳೆ?"

"ಅವಾರ್ಡ್ ಫಂಕ್ಷನ್ ಮಾಡ್ತಾರಲ್ಲ, ಆಗ ಮೈಕ್ ಕೊಟ್ರೆ ಆಡ್ತಾಳೆ."

ಭಾರತಮ್ಮನ ತಲೆಯಲ್ಲಿ ಅದು ಕೂತಿತು. ಯಾರೂ ಬರೆದುಕೊಡದೆ, ಯಾವ ಅತ್ತೆಯೂ ಎದುರಿಗಿಲ್ಲದೆ ಆ ದನಿ ತಾನಾಗಿ ಏನು ಹೇಳೀತು? ಅದನ್ನು ಕೂತು ಕೇಳಬೇಕು. ಗೆದ್ದರೆ ತಾನೇ ಮೈಕು ಕೊಡುವುದು. ಅದಕ್ಕೇ ಈ ಓಟಿನ ಓಡಾಟ.

ಪ್ರಶಸ್ತಿ ಸಮಾರಂಭ ಭಾನುವಾರ ಏಳು ಗಂಟೆಗೆ ಪ್ರಸಾರ ಎಂದು ತಿಳಿದ ದಿನವೇ ಭಾರತಮ್ಮ ಬೆರಳು ಮಡಿಚಿ ಎಣಿಸಿದಳು. ಹುಳಗಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಸೊಪ್ಪು ತಿನ್ನತೊಡಗಿ ಆಗಲೇ ಎರಡು ದಿನ. ಸೋಮವಾರಕ್ಕೆ ಹಣ್ಣಾಗಬೇಕು. ಹಣ್ಣಾದ ಹುಳ ಮೇವು ಬಿಡುತ್ತದೆ, ಮೈ ಹಳದಿಗೆ ತಿರುಗಿ ಕನ್ನಡಿಯಂತಾಗುತ್ತದೆ, ತಲೆಯೆತ್ತಿ ಜಾಗ ಹುಡುಕುತ್ತದೆ. ಆಗ ಒಂದೊಂದನ್ನೇ ಆರಿಸಿ, ಗೂಡು ಕಟ್ಟಲು ಬಿದಿರು ತಟ್ಟೆಯ ಚಂದ್ರಿಕೆಗೆ ಬಿಡಬೇಕು. ತಡವಾದರೆ ಸೊಪ್ಪಿನ ಕಸದಲ್ಲೇ ನೂಲು ಸುತ್ತಿಕೊಂಡು ಕೆಡುತ್ತದೆ. ಅದು ಸೋಮವಾರದ ಕೆಲಸ. ಭಾನುವಾರ ಬಿಡುವು.

ಭಾನುವಾರ ಅವಳು ನಾಲ್ಕಕ್ಕೇ ಎದ್ದಳು. ಎರಡು ಹೊತ್ತಿನ ಸೊಪ್ಪು ಒಟ್ಟಿಗೆ ಕುಯ್ದು ಒದ್ದೆ ಗೋಣಿಯ ಕೆಳಗಿಟ್ಟಳು. ಮಧ್ಯಾಹ್ನವೇ ರಾತ್ರಿಗೂ ಆಗುವಷ್ಟು ಬಸ್ಸಾರು ಮಾಡಿದಳು. ಹಸುಗಳ ಮೈ ತೊಳೆದಳು. ಮೂರು ಗಂಟೆಗೆ ಹುಳದ ಮನೆಗೆ ಕಾಲು ತೊಳೆದು ಹೋದವಳು ಹುಳ ಹರಡಿದ ಹಾಸಿನ ಮುಂದೆ ನಿಂತುಬಿಟ್ಟಳು. ಆ ವಾರದ ಸೆಕೆಗೆ ಹುಳ ಒಂದು ದಿನ ಮುಂಚೆ ಹಣ್ಣಾಗಿದ್ದವು. ಎಲ್ಲ ಅಲ್ಲ, ಅಲ್ಲಲ್ಲಿ. ಸಂಜೆಯ ಹೊತ್ತಿಗೆ ಎಲ್ಲವೂ ಆಗುವ ಲಕ್ಷಣ.

ಅವಳು ಆರಿಸತೊಡಗಿದಳು. ಗಂಡನನ್ನು ಕರೆದಳು, ಮಗಳನ್ನು ಕರೆದಳು. ಐದಕ್ಕೆ ಹಾಲು ಕರೆದು ಡೇರಿಗೆ ಹಾಕಿ ಬಂದಳು, ಮತ್ತೆ ಕೈಕಾಲು ತೊಳೆದು ಆರಿಸಿದಳು. ಆರೂಮುಕ್ಕಾಲಿಗೆ ಎದ್ದು ನಿಂತಳು.

"ಏನ್ರೀ, ನಾನು ಏಳಕ್ಕೆ ಟಿವಿ ಮುಂದೆ ಕೂತ್ಕೋತೀನಿ. ಎದ್ದು ಬರೋದು ಒಂಬತ್ತೂವರೆಗೆ."

ಕೋದಂಡರಾಮಪ್ಪ ಹುಳ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಅವಳನ್ನು ನೋಡಿದ.

"ಹುಳ ಹಣ್ಣಾಗಿ ಕೂತಾವೆ, ಇವಳಿಗೆ ಟಿವಿ ಬೇಕಂತೆ. ಹುಳದ ಮನೆಗೇ ತಂದಿಡ್ಲಾ ಟಿವೀನ? ಅವೂ ನೋಡ್ಲಿ, ಪಾಪ."

"ಮೇಘನ ಇದ್ದಾಳೆ. ನೀವಿದ್ದೀರ. ಬೆಳಕಿದೆ."

"ನಾನೆಷ್ಟು ಆರಿಸ್ತೀನಿ? ಕೈ ಓಡೋದು ನಿಂದು."

"ನಂದು ಇವತ್ತು ಓಡಲ್ಲ," ಅಂದಳು ಭಾರತಮ್ಮ.

ಮೇಘನ ತಲೆಯೆತ್ತದೆ, "ಹೋಗಮ್ಮ, ನಾನ್ ಮಾಡ್ತೀನಿ" ಅಂದಳು.

ನಡುಮನೆಯ ಕುರ್ಚಿ ಖಾಲಿಯಿತ್ತು. ಭಾರತಮ್ಮ ಅದರಲ್ಲಿ ಕೂತಳು. ಕೈಗಳನ್ನು ಎಲ್ಲಿಡಬೇಕೆಂದು ತೋಚದೆ ತೊಡೆಯ ಮೇಲಿಟ್ಟುಕೊಂಡಳು. ಮಂಚದಿಂದ ಮುನಿಶಾಮಮ್ಮ ಒಮ್ಮೆ ನೋಡಿದಳು.

"ಇದೇನೇ, ರಾಣಿಯಮ್ಮ ಬಂದು ಕೂತ್ಲು?"

"ಹೂಂ ಅತ್ತೆ."

ವೇದಿಕೆ, ದೀಪ, ಕುಣಿತ. ‘ವಸುಮತಿಯ ಮನೆ’ಗೆ ಒಂದೊಂದೇ ಪ್ರಶಸ್ತಿ ಬರತೊಡಗಿತು. ಅತ್ಯುತ್ತಮ ಅತ್ತೆ. ಅತ್ಯುತ್ತಮ ಜೋಡಿ. ಅತ್ಯುತ್ತಮ ಸಂಸಾರ. ಹೊರಗಿನಿಂದ ಅನಿತ ಬೀದಿಯಲ್ಲೇ ನಿಂತು "ಅಕ್ಕಾ, ಮೂರಾಯ್ತು ಕಣಕ್ಕೋ!" ಎಂದು ಕೂಗಿ ಮನೆಗೆ ಓಡಿದಳು. ಎಂಟೂಕಾಲಿಗೆ ‘ಅತ್ಯುತ್ತಮ ಸೊಸೆ’ ಎಂದರು. ವಸುಮತಿಯ ಹೆಸರು ಕೂಗಿದರು. ಭಾರತಮ್ಮ ಎದ್ದು ನಿಂತೇಬಿಟ್ಟಳು.

"ಮೇಘನಾ, ಬಾರೇ! ಬಂದ್ಲು ಬಂದ್ಲು!"

ಮೇಘನ ಕೈ ಒರೆಸಿಕೊಳ್ಳುತ್ತ ಬಂದಳು. ಬೆಳ್ಳಿ ಬಣ್ಣದ ಸೀರೆಯ ತೆಳ್ಳನೆಯ ಹುಡುಗಿ ಮೆಟ್ಟಿಲು ಹತ್ತಿದಳು. ಮೂಗುತಿ ಇರಲಿಲ್ಲ. ಮೈಕು ಹಿಡಿದು ಕಣ್ಣೊರೆಸಿಕೊಂಡಳು.

"ಹಾಯ್ ಎಲ್ಲರ್ಗೂ! ಐ ಲವ್ ಯೂ ಆಲ್! ನಂಗೆ ಕನ್ನಡ ಸ್ವಲ್ಪ ಸ್ವಲ್ಪ ಬರತ್ತೆ..."

ಚಿಕ್ಕ, ಚೂಪಾದ ದನಿ. ಓಡುತ್ತ ಓಡುತ್ತ ಮಾತಾಡುವ ದನಿ.

ಭಾರತಮ್ಮ ಟಿವಿಯ ಹತ್ತಿರ ಹೋದಳು. "ಸೌಂಡ್ ಕೆಟ್ಟೋಗಿದೆ ಕಣೇ. ಸ್ವಲ್ಪ ನೋಡು."

"ಚೆನ್ನಾಗೇ ಇದೆಯಲ್ಲಮ್ಮ."

"ಇಲ್ಲ, ಬೇರೆ ಯಾರೋ ಮಾತಾಡ್ತಾವ್ರೆ. ಬೇಗ ನೋಡೇ, ಮುಗ್ದೋಗುತ್ತೆ."

ಮೇಘನ ನಕ್ಕಳು. "ಅಯ್ಯೋ ಅಮ್ಮ, ಅದೇ ಅವಳ ವಾಯ್ಸು. ಸೀರಿಯಲ್ಲಲ್ಲಿ ಡಬ್ಬಿಂಗು. ಅವಳು ಮುಂಬೈಯೋಳು, ಬಾಯಿ ಅಷ್ಟೇ ಆಡಿಸ್ತಾಳೆ. ದನಿ ಇನ್ಯಾರೋ ಕೊಡ್ತಾರೆ. ಎಲ್ರಿಗೂ ಗೊತ್ತು."

"ಅತ್ತೆ, ನಿಮ್ಗೂ ಗೊತ್ತಿತ್ತಾ?"

ಮುನಿಶಾಮಮ್ಮ ಬಾಯಲ್ಲಿದ್ದ ಅಡಿಕೆಯನ್ನು ಆಚೆ ದವಡೆಗೆ ತಳ್ಳಿದಳು. "ಬಾಯಿಗೂ ಮಾತಿಗೂ ಕೂಡಲ್ಲ ಅನ್ನೋದು ಕೂತು ನೋಡೋರಿಗೆ ಕಾಣಲ್ವೇನೇ?"

ವೇದಿಕೆಯ ನಿರೂಪಕ, ವಸುಮತಿ ಯಾವಾಗಲೂ ಹೇಳುವ ಒಂದು ಮಾತನ್ನು ಹೇಳಿ ಎಂದು ಕೇಳಿಕೊಂಡ. ಹುಡುಗಿ ಎರಡು ಸಲ ತಡವರಿಸಿ ಹೇಳಿದಳು, ತಾನೇ ನಕ್ಕಳು. ಸಭೆಯೆಲ್ಲ ಚಪ್ಪಾಳೆ. ಅವಳ ತಪ್ಪು ಕನ್ನಡ ಮುದ್ದಾಗಿದೆ ಎಂದು ನಿರೂಪಕ ಹೊಗಳಿದ.

ಭಾರತಮ್ಮ ಮತ್ತೆ ಕೂತಳು. ಅಳು ಬರಬಹುದೆಂದು ಕಾದಳು. ಬರಲಿಲ್ಲ. ಸಿಟ್ಟೂ ಬರಲಿಲ್ಲ.

"ಆ ದನಿಯೋರಿಗೆ ಏನೂ ಕೊಡಲ್ವಾ?"

"ಅವ್ರು ಕಾಣ್ಸಲ್ವಲ್ಲಮ್ಮ," ಅಂದಳು ಮೇಘನ. ಹೇಳಿದ ಮೇಲೆ ಯಾಕೋ ಅಮ್ಮನ ಮುಖ ನೋಡಿ, ಫೋನು ತೆಗೆದು ಹುಡುಕಿದಳು. ನಾಯಕಿಯ ಎತ್ತರ ಸಿಕ್ಕಿತು, ಅವಳಿಗೆ ಇಷ್ಟವಾದ ಐಸ್‌ಕ್ರೀಮು ಸಿಕ್ಕಿತು, ಅವಳ ನಾಯಿಯ ಹೆಸರು ಸಿಕ್ಕಿತು. ದನಿ ಕೊಟ್ಟವಳ ಹೆಸರು ಸಿಗಲಿಲ್ಲ. "ನಾಳೆ ಹುಡುಕ್ತೀನಿ ಬಿಡು" ಎಂದು ಹುಳದ ಮನೆಗೆ ಹೋದಳು.

ಭಾರತಮ್ಮ ಏಳಲಿಲ್ಲ. ಅತ್ಯುತ್ತಮ ಧಾರಾವಾಹಿಯೂ ‘ವಸುಮತಿಯ ಮನೆ’ಯೇ ಆಯಿತು. ಐವತ್ತು ಜನ ವೇದಿಕೆ ಹತ್ತಿದರು. ಅವಳು ಒಂದೊಂದೇ ಮುಖ ನೋಡಿದಳು. ಅವರಲ್ಲಿ ಯಾರಾದರೂ ಹೆಂಗಸು ಮೈಕಿನ ಹತ್ತಿರ ಬಂದು, ನಿಧಾನವಾಗಿ ಒಂದು ಮಾತು ಆಡುತ್ತಾಳೇನೋ ಎಂದು ನೋಡಿದಳು. ನಿರ್ಮಾಪಕ ಮಾತಾಡಿದ, ನಿರ್ದೇಶಕ ಮಾತಾಡಿದ. ಬಣ್ಣದ ಕಾಗದದ ಚೂರು ಮೇಲಿನಿಂದ ಉದುರಿದವು. ಯಾರೋ ಅದನ್ನೆಲ್ಲ ಗುಡಿಸಬೇಕು ಎನ್ನಿಸಿತು. ಬೇರೇನೂ ಅನ್ನಿಸಲಿಲ್ಲ.

ಕೋದಂಡರಾಮಪ್ಪ ಬಾಗಿಲಿಗೆ ಬಂದ. "ಗೆದ್ರಂತಲ್ಲ. ಆಯ್ತಲ್ಲ. ಬಾ ಇನ್ನ, ಸೊಪ್ಪಲ್ಲೇ ಗೂಡು ಕಟ್ಕೊಳ್ತಾವೆ."

"ಒಂಬತ್ತೂವರೆ ಅಂದಿದ್ನಲ್ಲ."

"ಖುಷೀಲಿ ತಲೆ ಕೆಟ್ಟೈತೆ ಇವಳಿಗೆ," ಎಂದು ಅವನು ತಾಯಿಗೆ ಹೇಳಿ ಹೋದ. ಭಾರತಮ್ಮ ಹಾಸ್ಯದ ತುಣುಕು ನೋಡಿದಳು, ಸೋಪಿನ ಜಾಹೀರಾತು ನೋಡಿದಳು, ಹಿಟ್ಟಿನ ಜಾಹೀರಾತು ನೋಡಿದಳು. ಯಾವುದರಲ್ಲೂ ಅವಳಿಗೆ ಆಸಕ್ತಿ ಇರಲಿಲ್ಲ. ಕೇಳಿ ತೆಗೆದುಕೊಂಡ ಹೊತ್ತು, ಅದನ್ನು ಪೂರ್ತಿ ಕೂತೇ ಕಳೆದಳು. ಒಂಬತ್ತೂವರೆಗೆ ಎದ್ದು, ಕಾಲು ತೊಳೆದು, ಹುಳದ ಮನೆಗೆ ಹೋಗಿ ಉಳಿದದ್ದನ್ನು ಆರಿಸಿದಳು. ಒಂದು ತಟ್ಟೆಯಷ್ಟು ಹುಳ ಕಸದಲ್ಲೇ ನೂಲು ಸುತ್ತಿಕೊಂಡಿದ್ದವು. ಗಂಡ ಎರಡು ಮಾತು ಅಂದ. ಅವು ಅವಳಿಗೆ ದೂರದಲ್ಲಿ ಎಲ್ಲೋ ಕೇಳಿದವು.

ಮರುದಿನ ಸಂಜೆ ಡೇರಿಯಲ್ಲಿ ಹೆಂಗಸರೆಲ್ಲ ಸುತ್ತಿಕೊಂಡರು. ತಾವು ಹಾಕಿದ ಓಟಿನಿಂದಲೇ ಗೆದ್ದಿದ್ದು ಎಂದು ಒಬ್ಬೊಬ್ಬರೂ ಹೇಳಿದರು. ಅನಿತ ಮನೆಯಿಂದ ಬೆಲ್ಲದ ಪುಡಿ ಹಾಕಿದ ಹುರಿಗಡಲೆ ತಂದಿದ್ದಳು. ಎಲ್ಲರ ಕೈಗೂ ಒಂದೊಂದು ಹಿಡಿ ಹಾಕಿದಳು.

"ತಿನ್ನಕ್ಕ, ನಿಂದೇ ಗೆಲುವು. ಅಲ್ಲ, ನಾನು ಮನೆಗೆ ಹೋಗೋಷ್ಟರಲ್ಲಿ ನಮ್ಮ ಬೀದೀಲಿ ಕರೆಂಟ್ ಹೋಯ್ತು ನೋಡು. ವಸುಮತಿ ಮಾತಾಡಿದ್ಲಂತೆ. ಏನಂದ್ಲು?"

ಸಾಲಿನವರೆಲ್ಲ ಅವಳ ಕಡೆ ತಿರುಗಿದರು. ಭಾರತಮ್ಮ ಬಾಯಲ್ಲಿದ್ದ ಹುರಿಗಡಲೆಯನ್ನು ಅಗಿದು ನುಂಗಿದಳು.

"ಥ್ಯಾಂಕ್ಸ್ ಅಂದ್ಲು."

"ಅಷ್ಟೇನಾ? ಒಂದು ತಿಂಗಳು ನಮ್ಮ ಪ್ರಾಣ ತಿಂದು, ಅಷ್ಟೇನಾ ಕೇಳಿಸ್ಕೊಂಡಿದ್ದು?"

"ಅಷ್ಟೇ ಕಣೇ."

ಸೆಕ್ರೆಟರಿ ಅವಳ ಹೆಸರು ಕೂಗಿದ. ಭಾರತಮ್ಮ ಮುಂದೆ ಹೋಗಿ ಹಾಲು ಸುರಿದಳು, ಅಳತೆಯ ಚೀಟಿ ತೆಗೆದುಕೊಂಡು ಪಕ್ಕಕ್ಕೆ ಸರಿದಳು. ಹಿಂದಿನವರ ಕ್ಯಾನಿಗೆ ಜಾಗ ಬೇಕಿತ್ತು.